ಶ್ರವಣಕ್ರೀಡೆ

ದಶರಥ ಮಹಾರಾಜನು ಯೌವನಕಾಲದಲ್ಲಿ ಸರಯೂತೀರಕ್ಕೆ ಬೇಟೆಗೆ ಹೋಗಿ, ಕತ್ತಲಲ್ಲಿ ಕೇಳಿಬಂದ ಸದ್ದೊಂದನ್ನು ಗುರಿಯಾಗಿಟ್ಟು ಬಾಣಪ್ರಯೋಗ ಮಾಡಿದ ವೃತ್ತಾಂತವನ್ನು ವಾಚಕರಿಗೆ ನೆನಪು ಮಾಡಿಕೊಡಬೇಕಾಗಿಲ್ಲ. ಆ ಕಥೆಯನ್ನು ನಾವು ಸಾಮಾನ್ಯವಾಗಿ ಅದರ ಕೊನೆಯಲ್ಲಿ ಬರುವ ಶಾಪಕ್ಕಾಗಿ ಓದುತ್ತೇವೆ. ಈಚೆಗೆ ಅದೇ ಕಥೆಯು ನನಗೆ ತನ್ನ ಇನ್ನೊಂದು ಮುಖವನ್ನು ತೋರಿಸಿತು. ರಾಜನ ಶಬ್ದವೇಧಿವಿದ್ಯೆಯು ಅಲ್ಲಿ ಸೋಲಲಿಲ್ಲ. ಬಾಣವು ಹೋದ ದಿಕ್ಕು ಸರಿಯಾಗಿಯೇ ಇತ್ತು, ದೂರದ ಅಳತೆಯೂ ಸರಿಯಾಗಿಯೇ ಇತ್ತು. ಕೆಟ್ಟದ್ದು ಬೇರೊಂದು ಕಡೆ. ಕೊಡದಲ್ಲಿ ನೀರು ತುಂಬುವ ಸದ್ದನ್ನು ಆತನು ಆನೆಯ ಸದ್ದೆಂದು ತಿಳಿದನು. ಎಂದರೆ, ಶಬ್ದವು ಎಲ್ಲಿಂದ ಬಂದಿತೆಂಬ ಜ್ಞಾನವು ಒಂದು. ಅದು ಯಾವುದರ ಶಬ್ದವೆಂಬ ಜ್ಞಾನವು ಮತ್ತೊಂದು. ಮೊದಲನೆಯದು ಪೂರ್ಣವಾಗಿದ್ದು ಎರಡನೆಯದು ಇಲ್ಲದೆಹೋದರೆ ಏನಾಗುತ್ತದೆಂಬುದಕ್ಕೆ ಇಷ್ಟು ದಾರುಣವಾದ ದೃಷ್ಟಾಂತವು ಬೇರೆ ಸಿಕ್ಕಲಾರದು.

ಇಂಥ ಪ್ರಸಂಗದಿಂದ ಮಕ್ಕಳಾಟದ ವಿಚಾರಕ್ಕೆ ಇಳಿಯುವುದು ಉಚಿತವೇ ಎಂದು ಕೆಲವರು ಹುಬ್ಬುಗಂಟಿಕ್ಕಬಹುದು. ಆದರೆ ಈ ವಿವೇಚನೆಯು ನನಗೆ ಹೊಳೆದದ್ದೇ ಮಕ್ಕಳಾಟದಿಂದ.

ನನ್ನ ತಂಗಿಯ ಮೊಮ್ಮಗನೊಬ್ಬನು ಹುಟ್ಟಿನಿಂದಲೂ ಕಣ್ಣು ಕಾಣದವನು. ಇಂಥವರನ್ನು ಯಾವ ಹೆಸರಿನಿಂದ ಕರೆಯಬೇಕೆಂಬ ವಿಷಯದಲ್ಲಿ ಈಗ ಬಹಳ ಚರ್ಚೆಯಿದೆ. ಅಂಧರೆಂದರೆ ಒರಟು, ದೃಷ್ಟಿವಿಕಲಚೇತನರೆಂದರೆ ಉದ್ದ. ಆ ಹುಡುಗನು ತಾನಾಗಿ ಹೇಳಿಕೊಳ್ಳುವುದು ‘ನನಗೆ ಕಾಣಿಸುವುದಿಲ್ಲ’ ಎಂದು. ನಾನೂ ಅದನ್ನೇ ಅನುಸರಿಸುತ್ತೇನೆ. ಅವನಿಗೆ ಈಗ ಹನ್ನೆರಡು ವರ್ಷ. ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಓದುತ್ತಾನೆ, ಬೇಸಿಗೆಯ ರಜದಲ್ಲಿ ನಮ್ಮ ಮನೆಗೆ ಬರುತ್ತಾನೆ. ನನ್ನ ಮಗನ ಮಕ್ಕಳಿಬ್ಬರು—ಹನ್ನೊಂದು ವರ್ಷದ ಹುಡುಗಿ, ಒಂಬತ್ತು ವರ್ಷದ ಹುಡುಗ—ಅವರೂ ಆಗಲೇ ಬರುತ್ತಾರೆ. ಹೋದ ವರ್ಷದ ರಜದಲ್ಲಿ ಒಂದು ಮಧ್ಯಾಹ್ನ ಮೂವರೂ ಜಗಲಿಯ ಮೇಲೆ ಕುಳಿತು ಚೌಕಾಬಾರ ಆಡುತ್ತಿದ್ದರು. ಮನೆಯ ಹಿರಿಯರಲ್ಲೊಬ್ಬರು ಕನಿಕರದಿಂದ, ‘ಪಾಪ, ಅವನನ್ನು ಗೆಲ್ಲಿಸಿರೇ’ ಎಂದು ಹುಡುಗಿಯ ಕಿವಿಯಲ್ಲಿ ಉಸುರಿದರು. ಹಾಗೆ ಉಸುರಿದ ಮಾತು ಬೇರೆ ಯಾರಿಗೆ ಕೇಳಿಸದಿದ್ದರೂ ಅವನಿಗೆ ಕೇಳಿಸುತ್ತದೆಂಬುದು ಅವರಿಗೆ ತೋಚಲಿಲ್ಲ. ಮುಂದಿನ ಸಲ ಹುಡುಗಿ ಎಸೆದಾಗ ನಾಲ್ಕು ಕವಡೆಗಳೂ ಮಗುಚಿಕೊಂಡು ಬಿದ್ದು ಎಂಟಾಯಿತು. ಅವಳು ‘ಎರಡು’ ಎಂದಳು. ಹುಡುಗನು ಕೈನೀಡಿ ಕವಡೆಗಳನ್ನು ಒಂದೊಂದಾಗಿ ಮುಟ್ಟಿ, ‘ಎಂಟು ಬಿದ್ದಿದೆ’ ಎಂದನು. ಅನಂತರ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನನ್ನು ಗೆಲ್ಲಿಸಬೇಡಿ, ಆಡುವುದಕ್ಕೆ ಬಿಡಿ’ ಎಂದನು.

ಗೆಲ್ಲು, ಗೆಲ್ಲಿಸು, ನಡೆ, ನಡೆಸು, ಪ್ರೇರಣಾರ್ಥಕ ಕ್ರಿಯಾಪದಗಳ ಈ ಪಟ್ಟಿಯನ್ನು ಎಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆ ‘ಇಸು’ ಎಂಬ ಪ್ರತ್ಯಯದೊಳಗೆ ಅಷ್ಟೊಂದು ಅವಮಾನವು ಅಡಗಿ ಕುಳಿತಿರಬಲ್ಲದೆಂಬುದನ್ನು ಯಾವ ವ್ಯಾಕರಣವೂ ಹೇಳುವುದಿಲ್ಲ. ಕಾಣುವವರೂ ಕಾಣದವರೂ ಒಂದೇ ಕಣದಲ್ಲಿ ನಿಂತು, ಯಾರೂ ಯಾರನ್ನೂ ಗೆಲ್ಲಿಸದೆ, ಗೆದ್ದವನು ತಾನಾಗಿ ಗೆಲ್ಲುವ, ಸೋತವನು ದಿಟವಾಗಿ ಸೋಲುವ ಆಟಗಳು ಯಾವುವು, ಅವನ್ನು ಕಟ್ಟುವ ಬಗೆ ಹೇಗೆ ಎಂದು ನಾನು ವಿಚಾರಮಾಡಹೊರಟದ್ದು ಅಂದಿನಿಂದ. ಓದಿ ತಿಳಿದದ್ದು ಸ್ವಲ್ಪ; ಹುಡುಗನನ್ನು ಕೇಳಿ ತಿಳಿದದ್ದು ಅದಕ್ಕಿಂತ ಹೆಚ್ಚು.

ನಮ್ಮಲ್ಲಿ ಇಂಥ ಆಟಗಳು ಇಲ್ಲವೇ ಇಲ್ಲವೆನ್ನಲಾಗದು. ಅಂತ್ಯಾಕ್ಷರಿಗೆ ಕಣ್ಣು ಬೇಕಾಗಿಲ್ಲ. ಅಷ್ಟಾವಧಾನದಲ್ಲಿ ಘಂಟಾಗಣನವೆಂಬ ಒಂದು ಅಂಗವಿದೆ. ಪದ್ಯಗಳನ್ನು ಕಟ್ಟುತ್ತಿರುವ ಅವಧಾನಿಯು ನಡುನಡುವೆ ಬಾರಿಸುವ ಗಂಟೆಯ ಪೆಟ್ಟುಗಳನ್ನು ಎಣಿಸುತ್ತಲೇ ಇದ್ದು, ಕೊನೆಗೆ ಸಂಖ್ಯೆಯನ್ನು ಒಪ್ಪಿಸಬೇಕು. ಇದು ಕೇವಲ ಕಿವಿಯ ಆಟ. ಅಳಗುಳಿಮಣೆಯ ವಿಚಾರದಲ್ಲಂತೂ ನನಗೆ ಒಂದು ಆಶ್ಚರ್ಯವೇ ಆಯಿತು. ಹುಣಿಸೆಬೀಜಗಳನ್ನು ಒಂದು ಗುಳಿಯಿಂದ ತೆಗೆದು ಮುಂದಿನ ಗುಳಿಗಳಲ್ಲಿ ಒಂದೊಂದಾಗಿ ಕ್ರಮತಪ್ಪದೆ ಬಿಡುತ್ತ ಹೋಗುವುದು ಆ ಆಟದ ನಿಯಮವಷ್ಟೆ. ಯಾವ ಗುಳಿಯಿಂದ ಹೊರಟಿತೆಂದು ತಿಳಿದು, ಬೀಳುವ ಬೀಜಗಳ ಟಕ್ ಟಕ್ ಸದ್ದನ್ನು ಎಣಿಸುತ್ತ ಬಂದರೆ, ಹದಿನಾಲ್ಕು ಗುಳಿಗಳ ಲೆಕ್ಕವೂ ಮನಸ್ಸಿನಲ್ಲಿ ನಿಲ್ಲುತ್ತದೆ. ಮಣೆಯನ್ನು ನೋಡಲೂ ಬೇಡ, ಮುಟ್ಟಲೂ ಬೇಡ. ನಮ್ಮ ಹುಡುಗನು ಹೀಗೆಯೇ ಆಡುತ್ತಾನೆ. ಎದುರಾಳಿಯು ಗುಳಿಯನ್ನು ನೋಡಿ ಬೀಜಗಳನ್ನು ಎಣಿಸುತ್ತಿರುವಷ್ಟರಲ್ಲಿ ಇವನು ಉತ್ತರವನ್ನು ಸಿದ್ಧಮಾಡಿಕೊಂಡಿರುತ್ತಾನೆ. ಹೆಂಗಸರು ಮಧ್ಯಾಹ್ನದ ಹೊತ್ತು ಕಳೆಯಲು ಆಡುತ್ತಿದ್ದ ಆಟವೊಂದು ಈ ದೃಷ್ಟಿಯಿಂದ ಇಷ್ಟು ನಿರ್ದೋಷವಾಗಿದೆಯೆಂದು ಯಾರು ಬಲ್ಲರು!

ಆದರೆ ಹನ್ನೆರಡು ವರ್ಷದ ಹುಡುಗನಿಗೆ ಕುಳಿತು ಆಡುವ ಆಟವೊಂದೇ ಸಾಲದು. ಓಡಬೇಕು, ಬೀಳಬೇಕು, ಮೊಣಕಾಲು ತರಚಿಕೊಳ್ಳಬೇಕು. ಕಾಣದ ಮಕ್ಕಳೆಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಸಂಗೀತ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಮಾಡಿದ ಮಹತ್ಕಾರ್ಯಕ್ಕೆ ನಾಡೇ ಋಣಿಯಾಗಿದೆ. ಅದರಲ್ಲಿ ಎರಡು ಮಾತಿಲ್ಲ. ಹಾಗೆಂದು ಕಾಣದ ಪ್ರತಿಯೊಂದು ಮಗುವಿನ ಕೈಗೂ ಹಾರ್ಮೋನಿಯಂ ಕೊಟ್ಟು ನಮ್ಮ ಕರ್ತವ್ಯವು ಮುಗಿಯಿತೆಂದು ಕೈತೊಳೆದುಕೊಳ್ಳುವುದು ಎಷ್ಟು ಸರಿ? ನಮ್ಮ ಹುಡುಗನು ಹಾಡಿದರೆ ಕೊಟ್ಟಿಗೆಯಲ್ಲಿ ಹಸುಗಳು ಬೆದರುತ್ತವೆ. ಅವನಿಗೆ ಬೇಕಾದುದು ಚೆಂಡು.

ಚೆಂಡಿಗೆ ಧ್ವನಿಯನ್ನು ಕೊಟ್ಟವರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಕಾರ್ಮಿಕರನ್ನು ಮೊದಲು ನೆನೆಯಬೇಕು. ೧೯೨೨ರಲ್ಲಿ ಅಲ್ಲಿಯ ಕಾಣದ ಕೆಲಸಗಾರರು ತಗಡಿನ ಡಬ್ಬಿಯೊಳಗೆ ಕಲ್ಲುಗಳನ್ನು ತುಂಬಿ, ಅದನ್ನೇ ಚೆಂಡನ್ನಾಗಿ ಮಾಡಿಕೊಂಡು ಕ್ರಿಕೆಟ್ಟನ್ನು ಆರಂಭಿಸಿದರು. ಇಂದು ಆ ಡಬ್ಬಿಯು ಗಟ್ಟಿಯಾದ ಪ್ಲಾಸ್ಟಿಕ್ಕಿನ ಬಿಳಿಯ ಚೆಂಡಾಗಿದೆ; ಒಳಗೆ ಉಕ್ಕಿನ ಗುಂಡುಗಳು ಗಲಗಲಿಸುತ್ತವೆ. ಸ್ಟಂಪುಗಳು ಲೋಹದವು, ತಗುಲಿದರೆ ಕಿವಿಗೆ ತಿಳಿಯಲೆಂದು. ಚೆಂಡೆಸೆಯುವವನು ಕೈಯನ್ನು ಕೆಳಗಿನಿಂದ ಬೀಸಿ, ಅಂಕಣದ ಅರ್ಧಕ್ಕಿಂತ ಮೊದಲೇ ಅದು ನೆಲಕ್ಕೆ ತಗುಲುವಂತೆ ಎಸೆಯಬೇಕು. ಇಲ್ಲವಾದರೆ ಗಾಳಿಯಲ್ಲಿ ಮೌನವಾಗಿ ಬರುವ ಚೆಂಡು ದಾಂಡಿಗನಿಗೆ ಇಲ್ಲದಂತೆಯೇ ಸರಿ. ಎಸೆಯುವ ಮುನ್ನ ‘ರೆಡಿ’ ಎಂದು ಕೇಳಬೇಕು. ದಾಂಡಿಗನು ‘ಯೆಸ್’ ಎಂದ ಮೇಲೆ ‘ಪ್ಲೇ’ ಎನ್ನುತ್ತ ಬಿಡಬೇಕು. ಈ ಮೂರು ಮಾತುಗಳ ವಿನಿಮಯವು ನನಗೆ ಬಹಳ ಹಿಡಿಸಿತು. ಇದು ಕೇವಲ ಸೌಜನ್ಯವಲ್ಲ. ಕೊನೆಯ ಮಾತು ಎಲ್ಲಿಂದ ಹೊರಟಿತೋ ಅಲ್ಲಿಂದಲೇ ಚೆಂಡು ಹೊರಡುತ್ತದೆ, ಆದಕಾರಣ ಮಾತೇ ದಿಕ್ಸೂಚಿ.

ಈ ಕ್ರಿಕೆಟ್ಟಿಗೂ ನಮ್ಮ ಸೀಮೆಗೂ ಹತ್ತಿರದ ನಂಟಿದೆ. ಮೊದಲನೆಯ ವಿಶ್ವಕಪ್ಪು ೧೯೯೮ರಲ್ಲಿ ದೆಹಲಿಯಲ್ಲಿ ನಡೆದು, ದಕ್ಷಿಣ ಆಫ್ರಿಕದ ತಂಡವು ಗೆದ್ದಿತು. ೨೦೧೨ರ ಇಪ್ಪತ್ತು ಓವರುಗಳ ವಿಶ್ವಕಪ್ಪು ಬೆಂಗಳೂರಿನಲ್ಲೇ ನಡೆಯಿತು. ಅಂತಿಮ ಪಂದ್ಯದಲ್ಲಿ ಭಾರತವು ಪಾಕಿಸ್ತಾನವನ್ನು ೨೯ ಓಟಗಳಿಂದ ಸೋಲಿಸಿತು. ಆಗಿನ ನಾಯಕ ಶೇಖರ ನಾಯಕರು ಶಿವಮೊಗ್ಗ ಜಿಲ್ಲೆಯವರು. ೨೦೧೭ರಲ್ಲಿ ಪದ್ಮಶ್ರೀ ಪಡೆದರು. ೨೦೨೫ರ ನವೆಂಬರಿನಲ್ಲಿ ಮಹಿಳೆಯರ ಮೊದಲ ವಿಶ್ವಕಪ್ಪನ್ನು ಕೊಲಂಬೊದಲ್ಲಿ ನೇಪಾಳದ ಎದುರು ಗೆದ್ದ ಭಾರತ ತಂಡಕ್ಕೆ ನಾಯಕಿಯಾಗಿದ್ದವರೂ ಕರ್ನಾಟಕದವರೇ, ದೀಪಿಕಾ ಟಿ. ಸಿ. ಎಂಬವರು. ಆ ದಿನ ನಮ್ಮ ಮನೆಗೆ ಹುಡುಗನಿಂದ ಮೂರು ಸಲ ದೂರವಾಣಿ ಕರೆ ಬಂದಿತು.

ನನ್ನ ಪ್ರಶ್ನೆಗೆ ಸಂಬಂಧಿಸಿದ ಅಂಶವು ಆ ಆಟದ ಲೆಕ್ಕದಲ್ಲಿದೆ. ಹನ್ನೊಂದು ಮಂದಿಯಲ್ಲಿ ಪೂರ್ತಿಯಾಗಿ ಕಾಣದವರು ಕಡಮೆಯೆಂದರೆ ನಾಲ್ವರಿರಬೇಕು. ಮಿಕ್ಕವರು ಸ್ವಲ್ಪ ಸ್ವಲ್ಪ ಕಾಣುವವರು. ಪೂರ್ತಿ ಕಾಣದವನು ಹೊಡೆದ ಓಟಗಳು ಇಮ್ಮಡಿಯಾಗಿ ಎಣಿಕೆಯಾಗುತ್ತವೆ; ಅವನು ನೆಲಕ್ಕೆ ಒಂದು ಸಲ ಪುಟಿದ ಚೆಂಡನ್ನು ಹಿಡಿದರೂ ಅದು ಹಿಡಿತವೇ. ಇದು ‘ಗೆಲ್ಲಿಸುವುದು’ ಅಲ್ಲವೆ ಎಂದು ನಾನು ಹುಡುಗನನ್ನು ಕೇಳಿದೆ. ಅವನು, ‘ಅಲ್ಲ, ಅದು ಮೊದಲೇ ಎಲ್ಲರಿಗೂ ಹೇಳಿದ್ದು. ಗುಟ್ಟಾಗಿ ಮಾಡಿದ್ದಲ್ಲ’ ಎಂದನು. ನ್ಯಾಯಶಾಸ್ತ್ರವನ್ನು ಓದಿದ ನನಗೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣವನ್ನು ಹೇಳಲು ಬರುತ್ತಿರಲಿಲ್ಲ.

ಇನ್ನೊಂದು ಮಾರ್ಗವು ಎಲ್ಲರ ಕಣ್ಣನ್ನೂ ಕಟ್ಟಿಬಿಡುವುದು. ನಮ್ಮ ಕಣ್ಣಾಮುಚ್ಚಾಲೆಯಲ್ಲಿ ಒಬ್ಬನ ಕಣ್ಣನ್ನು ಕಟ್ಟುತ್ತಾರೆ. ಗೋಲ್‌ಬಾಲ್ ಎಂಬ ಆಟದಲ್ಲಿ ಆರು ಮಂದಿಯದನ್ನೂ ಕಟ್ಟುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಆಸ್ಟ್ರಿಯದ ಹಾನ್ಸ್ ಲೊರೆನ್‌ಜೆನ್, ಜರ್ಮನಿಯ ಸೆಪ್ ರೈಂಡ್ಲ್ ಎಂಬವರು ೧೯೪೬ರಲ್ಲಿ ಇದನ್ನು ಕಲ್ಪಿಸಿದರು. ೧೯೭೬ರ ಟೊರಾಂಟೊ ಪ್ಯಾರಾಲಿಂಪಿಕ್ಕಿನಿಂದ ಪದಕದ ಆಟವಾಯಿತು. ಅಂಗಣವು ೧೮ ಮೀಟರು ಉದ್ದ, ೯ ಮೀಟರು ಅಗಲ. ಒಂದೂಕಾಲು ಕಿಲೋಗ್ರಾಮು ತೂಕದ ಚೆಂಡಿನೊಳಗೆ ಗಂಟೆಗಳು. ಒಂದು ಕಡೆಯ ಮೂವರು ಅದನ್ನು ನೆಲದ ಮೇಲೆ ಉರುಳಿಸಿ ಎಸೆಯುತ್ತಾರೆ. ಎದುರಿನ ಮೂವರು ಸದ್ದನ್ನು ಕೇಳಿ ಮೈಯನ್ನೇ ಅಡ್ಡಚಾಚಿ ತಡೆಯುತ್ತಾರೆ. ಗೆರೆಗಳ ಕೆಳಗೆ ಹುರಿಯನ್ನು ಹಾಸಿ ಮೇಲೆ ಪಟ್ಟಿಯನ್ನು ಅಂಟಿಸಿರುವುದರಿಂದ ತಾನೆಲ್ಲಿದ್ದೇನೆಂಬುದು ಕೈಕಾಲುಗಳಿಗೆ ತಿಳಿಯುತ್ತದೆ. ಆಟ ನಡೆಯುವಾಗ ಪ್ರೇಕ್ಷಕರು ಉಸಿರೆತ್ತಕೂಡದು. ಗೋಲಾದ ಮೇಲೆ ಕೂಗಬಹುದು. ನಮ್ಮ ಸಭೆಗಳಲ್ಲಿ ಉಪನ್ಯಾಸಕ್ಕೂ ದೊರೆಯದ ಮೌನವು ಅಲ್ಲಿ ಒಂದು ಚೆಂಡಿಗೆ ದೊರೆಯುತ್ತದೆ. ಕೆಲವು ದೇಶಗಳ ಒಳಪಂದ್ಯಗಳಲ್ಲಿ ಕಣ್ಣುಳ್ಳವರೂ ಪಟ್ಟಿ ಕಟ್ಟಿಕೊಂಡು ಸೇರುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಣ್ಣಿಗೆ ಪಟ್ಟಿ ಕಟ್ಟಿದರೆ ಇಬ್ಬರೂ ಸಮಾನರಾದರೆಂದು ನಾವು ಎಣಿಸುತ್ತೇವೆ. ಆದರೆ ಪಟ್ಟಿ ಕಟ್ಟಿಕೊಂಡವನು ಈ ಕ್ಷಣ ಕುರುಡನಾದವನು. ಅವನ ಎದುರಾಳಿಯು ಹನ್ನೆರಡು ವರ್ಷದಿಂದ ಕಿವಿಯನ್ನು ಸಾಣೆಹಿಡಿದವನು. ಮೊದಲು ಒಬ್ಬನು ಮೇಲಿದ್ದನು, ಈಗ ಇನ್ನೊಬ್ಬನು ಮೇಲಾದನು. ತಕ್ಕಡಿಯು ಸಮನಾಗಲಿಲ್ಲ, ಇನ್ನೊಂದು ಕಡೆಗೆ ವಾಲಿತು, ಅಷ್ಟೆ. ಇದು ದೋಷವೆಂದು ನಾನು ಹೇಳುವುದಿಲ್ಲ. ಲೋಕದ ಮಿಕ್ಕ ಆಟಗಳೆಲ್ಲವೂ ಆ ಕಡೆಗೆ ವಾಲಿರುವಾಗ ಒಂದೆರಡು ಈ ಕಡೆಗೆ ವಾಲಿದರೆ ನಷ್ಟವೇನು?

ಕಿವಿಯು ದಿಕ್ಕನ್ನು ತಿಳಿಯುವುದು ಹೇಗೆ ಎಂಬುದನ್ನು ಸ್ವಲ್ಪ ಹೇಳಬೇಕು. ಆಟ ಕಟ್ಟುವವನಿಗೆ ಇದು ಅಗತ್ಯ. ಶಬ್ದವು ಆಕಾಶದ ಗುಣವೆಂದೂ, ಕಿವಿಯ ಹಾಲೆಯೊಳಗೆ ಅಡಗಿದ ಆಕಾಶವೇ ಶ್ರೋತ್ರೇಂದ್ರಿಯವೆಂದೂ ನಮ್ಮ ವೈಶೇಷಿಕರು ಹೇಳಿದರು. ಶಬ್ದವು ಹರಡುವುದು ನೀರಿನ ಅಲೆಯ ಮೇಲೆ ಅಲೆ ಎದ್ದಂತೆಯೋ, ಕದಂಬದ ಮೊಗ್ಗು ಎಲ್ಲ ಕಡೆಗೂ ಒಮ್ಮೆಗೇ ಅರಳಿದಂತೆಯೋ ಎಂದು ಎರಡು ಪಕ್ಷಗಳನ್ನು ಹಿಡಿದು ವಾದಿಸಿದರು. ಪಾಠಶಾಲೆಯಲ್ಲಿ ಈ ವೀಚೀತರಂಗನ್ಯಾಯ ಕದಂಬಮುಕುಲನ್ಯಾಯಗಳನ್ನು ಬಾಯಿಪಾಠ ಮಾಡುವಾಗ ಇವುಗಳಿಂದ ಲೋಕೋಪಯೋಗವೇನೆಂದು ನಾವು ಹುಡುಗರು ನಗುತ್ತಿದ್ದೆವು. ಶಬ್ದವು ಅಲೆಯಾಗಿ ಬರುತ್ತದೆಂಬುದು ಈಗ ನಿರ್ವಿವಾದ. ಆ ಅಲೆಯು ಒಂದು ಸೆಕೆಂಡಿಗೆ ಸುಮಾರು ೩೪೦ ಮೀಟರು ಹೋಗುತ್ತದೆ. ಬಲಗಡೆಯ ಸದ್ದು ಬಲಗಿವಿಯನ್ನು ಮುಟ್ಟಿದ ಮೇಲೆ ತಲೆಯನ್ನು ಬಳಸಿಕೊಂಡು ಎಡಗಿವಿಯನ್ನು ಮುಟ್ಟಬೇಕು. ಈ ವಿಳಂಬವು ಹೆಚ್ಚೆಂದರೆ ಒಂದು ಸೆಕೆಂಡನ್ನು ಹತ್ತುಸಾವಿರ ಪಾಲು ಮಾಡಿದರೆ ಅದರಲ್ಲಿ ಆರೇಳು ಪಾಲು. ಅಷ್ಟನ್ನೇ ಮಿದುಳು ಅಳೆಯುತ್ತದೆ. ತಗ್ಗಿನ ಸ್ವರಗಳಲ್ಲಿ ಈ ಕಾಲಭೇದದಿಂದಲೂ, ತಾರಸ್ವರಗಳಲ್ಲಿ ತಲೆಯ ಮರೆಯಿಂದ ಸದ್ದು ಕುಗ್ಗುವುದರಿಂದಲೂ ದಿಕ್ಕು ತಿಳಿಯುತ್ತದೆಂದು ಲಾರ್ಡ್ ರೇಲಿ ಎಂಬ ಆಂಗ್ಲ ವಿಜ್ಞಾನಿಯು ೧೯೦೭ರಲ್ಲಿ ನಿರೂಪಿಸಿದನು. ಮೂಗಿನ ನೇರಕ್ಕಾದರೆ ಒಂದು ಡಿಗ್ರಿಯಷ್ಟು ವ್ಯತ್ಯಾಸವನ್ನೂ ಮನುಷ್ಯನು ಗುರುತಿಸಬಲ್ಲನು. ಪಕ್ಕಕ್ಕೆ ಸರಿದಂತೆಲ್ಲ ಈ ಸೂಕ್ಷ್ಮತೆಯು ಕುಂದುತ್ತದೆ.

ಆದರೆ ನೇರ ಮುಂದಿನ ಸದ್ದೂ ನೇರ ಹಿಂದಿನ ಸದ್ದೂ ಎರಡು ಕಿವಿಗಳನ್ನೂ ಒಂದೇ ಕಾಲಕ್ಕೆ ಮುಟ್ಟುತ್ತವೆ. ಅವೆರಡನ್ನು ಬೇರ್ಪಡಿಸಲು ಕಿವಿಯ ಹೊರಹಾಲೆಯ ಮಡಿಕೆಗಳು ಸ್ವಲ್ಪ ನೆರವಾಗುತ್ತವೆ. ಅದಕ್ಕಿಂತ ಹೆಚ್ಚಾಗಿ ನೆರವಾಗುವುದು ತಲೆಯನ್ನು ತಿರುಗಿಸುವ ಅಭ್ಯಾಸ. ನಮ್ಮ ಹುಡುಗನು ಮಾತಾಡುವಾಗಲೂ ತಲೆಯನ್ನು ಒಂದಿಷ್ಟು ಆಚೀಚೆ ಆಡಿಸುತ್ತಿರುತ್ತಾನೆ. ಅದನ್ನು ದುರಭ್ಯಾಸವೆಂದು ತಿಳಿದು ಬಿಡಿಸಲು ಯತ್ನಿಸಿದ ಉಪಾಧ್ಯಾಯರೂ ಉಂಟಂತೆ! ಕಣ್ಣುಳ್ಳವನು ಕಣ್ಣನ್ನು ಹೊರಳಿಸುವುದನ್ನು ಬಿಡಿಸಿದ ಹಾಗೆ.

ಗಣಕಯಂತ್ರದ ಆಟಗಳಲ್ಲಿ ತೊಡಕು ಬರುವುದು ಇಲ್ಲಿಯೇ. ಕಿವಿಗೆ ಹಾಕಿಕೊಂಡ ಹೆಡ್‌ಫೋನು ತಲೆಯೊಡನೆ ತಾನೂ ತಿರುಗುತ್ತದೆ; ವಿಶೇಷವಾದ ಏರ್ಪಾಡಿಲ್ಲದಿದ್ದರೆ, ಎಷ್ಟು ತಿರುಗಿದರೂ ಸದ್ದು ಕಿವಿಗೆ ಅಂಟಿಕೊಂಡೇ ಇರುತ್ತದೆ. ಆದಕಾರಣ ಅಂಥ ಆಟಗಳನ್ನು ರಚಿಸುವವರು ಬೆನ್ನ ಹಿಂದಿನ ಸದ್ದನ್ನು ಸ್ವಲ್ಪ ಮಂಕುಮಾಡುವುದು ಮೊದಲಾದ ಉಪಾಯಗಳನ್ನು ಹೂಡಬೇಕಾಗುತ್ತದೆ.

ಈ ಯಂತ್ರದಾಟಗಳ ಲೋಕವು ನನ್ನ ವಯಸ್ಸಿನವರಿಗೆ ಅಪರಿಚಿತವಾದುದು. ಹುಡುಗನೂ ಹುಡುಗಿಯೂ ಸೇರಿ ನನಗೆ ಅದರ ಬಾಗಿಲನ್ನು ತೆರೆದರು. ೧೯೭೮ರಲ್ಲಿ ಅಮೆರಿಕದಲ್ಲಿ ರಾಲ್ಫ್ ಬೇಯರ್, ಹೊವರ್ಡ್ ಮಾರಿಸನ್ ಎಂಬವರು ರೂಪಿಸಿದ ಸೈಮನ್ ಎಂಬ ಆಟಿಕೆಯಿತ್ತು. ನಾಲ್ಕು ಬಣ್ಣದ ಗುಂಡಿಗಳು, ಒಂದೊಂದಕ್ಕೂ ಒಂದೊಂದು ಸ್ವರ. ಯಂತ್ರವು ಬೆಳಗಿ ನುಡಿಸಿದ ಕ್ರಮವನ್ನು ಆಡುವವನು ಹಾಗೆಯೇ ಒತ್ತಿ ಒಪ್ಪಿಸಬೇಕು. ಬಣ್ಣವು ಹೇಳಿದ್ದನ್ನೇ ಸ್ವರವೂ ಹೇಳುವುದರಿಂದ, ಕಾಣದವನಿಗೂ ಅದು ಪೂರ್ತಿಯಾದ ಆಟ, ಕೇಳದವನಿಗೂ ಪೂರ್ತಿಯಾದ ಆಟ. ಇದನ್ನು ಯಾರ ಮೇಲಿನ ಕರುಣೆಯಿಂದಲೂ ಮಾಡಿದ್ದಲ್ಲ; ಅಂದವಾದ ಆಟಿಕೆಯನ್ನು ಮಾಡಬೇಕೆಂದು ಮಾಡಿದ್ದು. ಜಪಾನಿನಲ್ಲಿ ಕೆಂಜಿ ಎನೊ ಎಂಬವರು ೧೯೯೭ರಲ್ಲಿ ಚಿತ್ರವೇ ಇಲ್ಲದ ಆಟವೊಂದನ್ನು ಹೊರತಂದರು. ತೆರೆಯು ಕಪ್ಪಗೆ ಇರುತ್ತದೆ. ಕಥೆಯು ಧ್ವನಿಯಲ್ಲಿ ನಡೆಯುತ್ತದೆ. ಕವಲುದಾರಿ ಬಂದಾಗ ಗಂಟೆಯ ದನಿಯಾಗುತ್ತದೆ, ಆಡುವವನು ಆಯ್ದುಕೊಳ್ಳಬೇಕು. ಪೆಟ್ಟಿಗೆಯೊಳಗೆ ಬ್ರೈಲ್ ಲಿಪಿಯ ಸೂಚನೆಗಳನ್ನೂ, ಬಿತ್ತುವುದಕ್ಕೆ ಒಂದಿಷ್ಟು ಬೀಜಗಳನ್ನೂ ಇಟ್ಟಿದ್ದರಂತೆ. ಸ್ವೀಡನ್ನಿನಲ್ಲಿ ೨೦೦೩ರ ಹೊತ್ತಿಗೆ ಟೆರಾಫಾರ್ಮರ್ಸ್ ಎಂಬುದು ಬಂದಿತು; ಅದರಲ್ಲಿ ಚಿತ್ರವೂ ಉಂಟು, ಧ್ವನಿಯೂ ಉಂಟು, ಬೇಕಾದವರು ಬೇಕಾದುದರಿಂದ ಆಡಬಹುದು. ಫ್ರಾನ್ಸಿನಿಂದ ೨೦೧೫ರಲ್ಲಿ ಹೊರಟ ‘ಎ ಬ್ಲೈಂಡ್ ಲೆಜೆಂಡ್’ ಎಂಬುದರಲ್ಲಿ ಕಣ್ಣು ಕಳೆದುಕೊಂಡ ವೀರನನ್ನು ಅವನ ಮಗಳ ದನಿಯು ನಡೆಸಿಕೊಂಡು ಹೋಗುತ್ತದೆ. ೨೦೨೦ರಲ್ಲಿ ಬಂದ ‘ದಿ ಲಾಸ್ಟ್ ಆಫ್ ಅಸ್’ ಎಂಬುದರ ಎರಡನೆಯ ಭಾಗದಲ್ಲಿ ಇಂಥ ಸೌಕರ್ಯಗಳು ಅರುವತ್ತಕ್ಕೂ ಹೆಚ್ಚಿದ್ದು, ಪೂರ್ತಿ ಕಾಣದವರೂ ಅದನ್ನು ಕೊನೆಯವರೆಗೆ ಆಡಿ ಮುಗಿಸಿದರು. ಆ ಆಟದಲ್ಲಿ ರಕ್ತಪಾತವು ವಿಪರೀತವೆಂದು ಕೇಳಿ ನಾನು ಅದನ್ನು ಮನೆಗೆ ತರಲೊಪ್ಪಲಿಲ್ಲ. ಹುಡುಗನಿಗೆ ಇದರ ಮೇಲೆ ಇನ್ನೂ ಅಸಮಾಧಾನವಿದೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಬ್ರಯನ್ ಸ್ಮಿತ್, ಶ್ರೀ ನಾಯರ್ ಎಂಬ ಇಬ್ಬರು ೨೦೧೮ರಲ್ಲಿ ಪ್ರಕಟಿಸಿದ ಕೆಲಸ. ಕಾರಿನ ಪಂದ್ಯದ ಆಟವನ್ನು ಕಾಣದವರಿಗಾಗಿ ಮಾಡುವಾಗ ಹಿಂದಿನವರು ಹಿಡಿಯುತ್ತಿದ್ದ ಸುಲಭದ ದಾರಿಯೆಂದರೆ, ಯಂತ್ರವೇ ‘ಈಗ ಎಡಕ್ಕೆ ತಿರುಗು’, ‘ಈಗ ಬಲಕ್ಕೆ’ ಎಂದು ಅಪ್ಪಣೆ ಕೊಡುವುದು. ಅಪ್ಪಣೆಯಂತೆ ತಿರುಗಿದವನು ಗೆದ್ದನು. ಆದರೆ ಅಲ್ಲಿ ಕಾರನ್ನು ನಡೆಸಿದವರು ಯಾರು? ಯಂತ್ರ. ಆಡುವವನು ಅದರ ಕೈಯಾಳು. ಇವರಿಬ್ಬರು ಹಾಗೆ ಮಾಡದೆ, ಕಾರಿನ ವೇಗವು ಎಷ್ಟು, ರಸ್ತೆಯ ಯಾವ ಅಂಚಿಗೆ ಅದು ಹತ್ತಿರವಾಗುತ್ತಿದೆ, ಮುಂದಿನ ತಿರುವು ಯಾವ ಕಡೆಗೆ, ಎಷ್ಟು ಕಡಿದು, ಎಷ್ಟು ಉದ್ದ ಎಂಬಿಷ್ಟನ್ನು ಬಗೆಬಗೆಯ ಸದ್ದುಗಳಿಂದ ಅವನಿಗೆ ತಿಳಿಸಿ, ಯಾವಾಗ ತಿರುಗಬೇಕು, ಎಷ್ಟು ನಿಧಾನಿಸಬೇಕು ಎಂಬ ತೀರ್ಮಾನವನ್ನು ಅವನಿಗೇ ಬಿಟ್ಟರು. ತಿರುವಿನಲ್ಲಿ ದುಡುಕಿ ಹೊಲಕ್ಕೆ ನುಗ್ಗುವ ಸ್ವಾತಂತ್ರ್ಯವೂ ಅವನದೇ. ಇದನ್ನು ಓದಿದಾಗ ಜಗಲಿಯ ಮೇಲೆ ಕೇಳಿದ ಮಾತೇ ನನ್ನ ಕಿವಿಯಲ್ಲಿ ಮೊಳಗಿತು. ಅಪ್ಪಣೆ ಬೇರೆ, ವಾರ್ತೆ ಬೇರೆ. ವಾರ್ತೆಯನ್ನು ಕೊಟ್ಟು ಕೈಬಿಡುವುದು ಆಡಗೊಡುವುದು. ಅಪ್ಪಣೆಯನ್ನು ಕೊಟ್ಟು ಕೈಹಿಡಿಯುವುದು ಗೆಲ್ಲಿಸುವುದು.

ಇಲ್ಲಿ ಹೆಸರಿಸಿದ ಆಟಗಳ ಮಾತೆಲ್ಲ ಇಂಗ್ಲಿಷ್, ಜಪಾನಿ, ಫ್ರೆಂಚ್ ಮುಂತಾದುವು. ಗಮಕವೂ ಯಕ್ಷಗಾನದ ಅರ್ಥಗಾರಿಕೆಯೂ ಹುಟ್ಟಿ ಬೆಳೆದ ಈ ನಾಡಿನಲ್ಲಿ, ಬರಿಯ ದನಿಯಿಂದ ಯುದ್ಧರಂಗವನ್ನೇ ಎದುರಿಗೆ ನಿಲ್ಲಿಸಬಲ್ಲವರು ಇರುವಾಗ, ಕನ್ನಡದಲ್ಲಿ ಇಂಥದೊಂದನ್ನು ಕಟ್ಟಲು ಸಾಮಗ್ರಿಗೆ ಕೊರತೆಯಿಲ್ಲ. ಯಂತ್ರವಿದ್ಯೆಯನ್ನು ಬಲ್ಲ ತರುಣರು ಸಂಘದ ಸದಸ್ಯರ ಮನೆಗಳಲ್ಲಿಯೇ ಅನೇಕರಿದ್ದಾರೆ.

ನಮ್ಮ ಮನೆಯಲ್ಲಿ ಯಂತ್ರವಿಲ್ಲದೆ ಕಟ್ಟಿದ ಆಟದ ವಿಚಾರವನ್ನು ಹೇಳಿಬಿಡುತ್ತೇನೆ. ಈ ವರ್ಷದ ಏಪ್ರಿಲ್ ತಿಂಗಳಲ್ಲಿ, ಗೋಲ್‌ಬಾಲನ್ನು ಮನಸ್ಸಿನಲ್ಲಿಟ್ಟುಕೊಂಡು, ಹಳೆಯ ರಬ್ಬರ್ ಚೆಂಡೊಂದನ್ನು ಸೀಳಿ ಒಳಗೆ ಹಿತ್ತಾಳೆಯ ಗೆಜ್ಜೆಗಳನ್ನು ಹಾಕಿ ಹೊಲಿಸಿದೆವು. ನಡುಮನೆಯೇ ಅಂಗಣ, ನೆಲದ ಮೇಲೆ ಹುರಿಯನ್ನು ಹಾಸಿ ಅಂಟುಪಟ್ಟಿ ಹಚ್ಚಿ ಗೆರೆ ಮಾಡಿದೆವು. ಕೂಡಲೇ ಮೂರು ತೊಂದರೆಗಳು ತಲೆಹಾಕಿದವು. ಚೆಂಡು ನಿಂತೊಡನೆ ಸದ್ದೂ ನಿಲ್ಲುತ್ತದೆ. ನಿಂತ ಚೆಂಡು ಕಾಣದವರ ಪಾಲಿಗೆ ಮಾಯವಾದ ಚೆಂಡು. ಇದಕ್ಕೆ, ಮೂರು ಎಣಿಸುವಷ್ಟರಲ್ಲಿ ಸಿಕ್ಕದಿದ್ದರೆ ನೋಡುತ್ತಿರುವವರು ಕೋಲಿನಿಂದ ಅದನ್ನು ತಟ್ಟಬೇಕೆಂದು ನಿಯಮ ಮಾಡಿದೆವು. ಎರಡನೆಯದು ಗೋಡೆಗಳ ಪ್ರತಿಧ್ವನಿ. ಹುಡುಗನು ಕೋಣೆಯ ನಡುವೆ ನಿಂತು ಎರಡು ಸಲ ಚಪ್ಪಾಳೆ ತಟ್ಟಿ, ‘ಪಡುವಣ ಗೋಡೆಗೆ ಗೋಣಿಚೀಲ ತೂಗಹಾಕಿ’ ಎಂದನು. ಹಾಕಿದ ಮೇಲೆ ನನ್ನ ಮುದಿಗಿವಿಗೂ ವ್ಯತ್ಯಾಸ ತಿಳಿಯಿತು. ಮೂರನೆಯದೇ ದಶರಥನ ತೊಂದರೆ. ಹುಡುಗಿಯ ಕಾಲಿನಲ್ಲಿ ಗೆಜ್ಜೆಯಿತ್ತು, ಚೆಂಡಿನಲ್ಲಿಯೂ ಗೆಜ್ಜೆ. ಚೆಂಡೆಂದು ನೆಗೆದ ಚಿಕ್ಕವನು ಅಕ್ಕನ ಕಾಲನ್ನು ತಬ್ಬಿ ಇಬ್ಬರೂ ಉರುಳಿದರು. ಕಾಲ್ಗೆಜ್ಜೆಯು ಅಂದೇ ಪೆಟ್ಟಿಗೆ ಸೇರಿತು.

ಮೂವರಿಗೂ ಕಣ್ಣಿಗೆ ಪಟ್ಟಿ. ಕಾಣದವನಿಗೂ ಪಟ್ಟಿಯೇಕೆ ಎಂದರೆ, ಅವನೇ ಕೇಳಿ ಕಟ್ಟಿಸಿಕೊಂಡನು. ಎಲ್ಲರಿಗೂ ಇರುವುದು ತನಗೂ ಇರಬೇಕಂತೆ. ಮೊದಲ ಎಂಟು ಹತ್ತು ದಿನ ಹುಡುಗಿ ಒಂದು ಆಟವನ್ನೂ ಗೆಲ್ಲಲಿಲ್ಲ. ತರಗತಿಯಲ್ಲಿ ಮೊದಲನೆಯವಳಾಗಿ ನಿಲ್ಲುವ ಅಭ್ಯಾಸದವಳು; ಕೋಪ ಬಂದಿತು, ಅಳು ಬಂದಿತು, ಒಂದು ದಿನ ಪಟ್ಟಿಯ ಸಂದಿಯಿಂದ ಇಣುಕಿದಳು. ಹುಡುಗನು, ‘ಈ ಚೆಂಡನ್ನು ನೀನು ಬೇಗ ಹಿಡಿದೆ. ಅಷ್ಟು ಬೇಗ ನೀನು ಹಿಡಿಯುವುದಿಲ್ಲ’ ಎಂದು ಪಟ್ಟಿಯನ್ನು ಬಿಗಿಯಾಗಿ ಕಟ್ಟಿಸಿದನು. ಹೋದ ವರ್ಷ ‘ಗೆಲ್ಲಿಸಿರೇ’ ಎಂದವರೇ ಬಾಗಿಲಲ್ಲಿ ನಿಂತು, ‘ಒಂದು ಆಟವನ್ನಾದರೂ ಅವಳಿಗೆ ಬಿಟ್ಟುಕೊಡೋ’ ಎಂದರು. ಅವನು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, ‘ಬೇಡ, ಅವಳಿಗೆ ಗೊತ್ತಾಗಿಬಿಡುತ್ತದೆ’ ಎಂದನು.

ಹುಡುಗಿ ಹಟ ಹಿಡಿದಳು. ಬೆಳಗ್ಗೆ ಎಲ್ಲರೂ ಏಳುವ ಮುನ್ನ ಒಬ್ಬಳೇ ಕಣ್ಣು ಕಟ್ಟಿಕೊಂಡು ಚೆಂಡನ್ನು ಗೋಡೆಗೆ ಉರುಳಿಸಿ ಹಿ‌ಡಿಯುವುದನ್ನು ಅಭ್ಯಾಸ ಮಾಡುತ್ತಿದ್ದಳು. ಆ ಗಲಗಲಕ್ಕೆ ನನಗೆ ಎಚ್ಚರವಾಗುತ್ತಿತ್ತು. ಮೇ ತಿಂಗಳ ಮಧ್ಯದಲ್ಲಿ ಒಂದು ಸಾಯಂಕಾಲ, ಹತ್ತು ಗೋಲಿನ ಆಟವನ್ನು ಹತ್ತಕ್ಕೆ ಒಂಬತ್ತರಂತೆ ಗೆದ್ದಳು. ಕಾಣದ ಹುಡುಗನು ಪಟ್ಟಿಯನ್ನು ಕಿತ್ತೆಸೆದು, ಸಿಟ್ಟಿನಿಂದ ಕೈಕಾಲು ಬಡಿಯುತ್ತ, ಕೊನೆಯ ಚೆಂಡು ಗೆರೆಯನ್ನು ದಾಟಲಿಲ್ಲವೆಂದು ರಾತ್ರಿಯ ಊಟದವರೆಗೆ ವಾದಿಸಿದನು. ಅಷ್ಟು ಸಂತೋಷದ ಜಗಳವನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ನಡುಮನೆಯ ಮೇಲೆ ತಗಡಿನ ಮಾಡು. ಮಳೆ ಬಿದ್ದರೆ ಎದುರಿನವರ ಮಾತೇ ಕೇಳಿಸದು, ಇನ್ನು ಗೆಜ್ಜೆಯ ಮಾತೇನು? ಶಾಲೆಗಳೂ ತೆರೆದುವು. ಹುಡುಗನು ವಿದ್ಯಾರ್ಥಿನಿಲಯದಿಂದ ದೂರವಾಣಿಯಲ್ಲಿ ಹೇಳಿದ್ದೇನೆಂದರೆ, ಗೆಜ್ಜೆಯ ದನಿಯೂ ಮಳೆಯ ದನಿಯೂ ಒಂದೇ ಎತ್ತರದಲ್ಲಿರುವುದರಿಂದ ಒಂದು ಇನ್ನೊಂದನ್ನು ನುಂಗುತ್ತದೆ, ಚೆಂಡಿನೊಳಗೆ ಗೆಜ್ಜೆಯ ಬದಲು ದಪ್ಪ ಗೋಲಿಗಳನ್ನು ಹಾಕಿದರೆ ದನಿ ತಗ್ಗಿ ಮಳೆಯ ಕೆಳಗಿನಿಂದ ಕೇಳಿಸಬಹುದು, ನೋಡಿ ತಿಳಿಸಬೇಕು ಎಂದು. ಮೊನ್ನೆ ಸಂತೆಯಿಂದ ಒಂದು ಡಜನ್ ಗೋಲಿಗಳನ್ನು ತಂದಿದ್ದೇನೆ. ಹೊಲಿಯುವವನು ಸೋಮವಾರ ಬರುತ್ತೇನೆಂದಿದ್ದಾನೆ. ಆ ದಿನ ಮಳೆಯೂ ಬಂದರೆ ಅನುಕೂಲ.